ಗುಳೆ ಹೋಗುವ ಮಕ್ಕಳ ಹುಳುಕು ಹಲ್ಲು: ಶಿಬಿರದ ತಿಂಗಳು ಬದಲಿಸಿದ ಮೇಲೆ ಫಲ ಸಿಕ್ಕಿತು

ವಿಜಯಪುರ ಜಿಲ್ಲೆಯ ತಾಂಡಾ ಶಾಲೆಗಳಲ್ಲಿ ಡ್ರಿಲ್ ಇಲ್ಲದೆ, ಕರೆಂಟ್ ಇಲ್ಲದೆ, ಬೆಳ್ಳಿ ಮತ್ತು ಫ್ಲೋರೈಡ್ ಇರುವ ಎಸ್‌ಡಿಎಫ್ (ಸಿಲ್ವರ್ ಡೈಅಮೈನ್ ಫ್ಲೋರೈಡ್) ದ್ರಾವಣ ಹಚ್ಚಿ ಹುಳುಕು ನಿಲ್ಲಿಸುತ್ತೇವೆ ಎಂದಾಗ ಜೊತೆಯ ದಂತವೈದ್ಯರೇ ನಂಬಲಿಲ್ಲ. "ಕರ್ರಗ ಬಣ್ಣ ಬಳದು ಬರ್ತೀರಿ, ಅಷ್ಟ" ಅಂದರು. ಈಗ ನಾಲ್ಕು ವರ್ಷದ ರಿಜಿಸ್ಟರ್ ಇದೆ. ಹತ್ತು ಹಲ್ಲಿಗೆ ಹಚ್ಚಿದರೆ ಏಳೆಂಟು ಗಟ್ಟಿಯಾಗಿ ನಿಂತಿವೆ. ಹಾಗೆ ಅಂದವರಲ್ಲಿ ಇಬ್ಬರು ಈಗ ನಮ್ಮ ಜೊತೆಗೇ ಬರುತ್ತಾರೆ.

ಮೊದಲ ತಪ್ಪು ಎಣಿಕೆಯಲ್ಲೇ ಆಗಿತ್ತು: ಹುಳುಕಾದ, ಕಿತ್ತ, ತುಂಬಿಸಿದ ಹಲ್ಲುಗಳನ್ನೆಲ್ಲ ಕೂಡಿ ಒಂದೇ ಮೊತ್ತ ನೋಡುತ್ತಿದ್ದೆವು. ಪೇಟೆಯ ಖಾಸಗಿ ಶಾಲೆಯ ಮಕ್ಕಳ ಮೊತ್ತವನ್ನೂ ತಾಂಡಾ ಮಕ್ಕಳ ಮೊತ್ತವನ್ನೂ ಪಕ್ಕಪಕ್ಕ ಇಟ್ಟರೆ ಕೆಲವು ಕಡೆ ದೊಡ್ಡ ವ್ಯತ್ಯಾಸವೇ ಕಾಣದು. ಮೊತ್ತ ಬಿಡಿಸಿ ನೋಡಬೇಕು. ಪೇಟೆಯಲ್ಲಿ 'ತುಂಬಿಸಿದ್ದು' ಎಂಬ ಕಾಲಂ ಭರ್ತಿ, ತಾಂಡಾದಲ್ಲಿ ಆ ಕಾಲಂ ಖಾಲಿ, ಇರುವುದೆಲ್ಲ ಹುಳುಕು. ಸರಾಸರಿಯೂ ಕಣ್ಣು ಕಟ್ಟುತ್ತದೆ. ಸ್ವೀಡನ್ನಿನ ದಂತತಜ್ಞ ಬ್ರಾಥಾಲ್ 2000ರಲ್ಲಿ ಹೇಳಿದಂತೆ ಅತಿ ಹೆಚ್ಚು ಹುಳುಕಿರುವ ಮೂರನೇ ಒಂದು ಭಾಗದ ಮಕ್ಕಳನ್ನು ಬೇರೆ ಮಾಡಿ ಸರಾಸರಿ ತೆಗೆಯಿರಿ. ಆ ಪಟ್ಟಿಯ ಹೆಸರುಗಳ ಮುಂದೆ ತಂದೆತಾಯಿಯ ಕೆಲಸ ಬರೆಯುತ್ತ ಹೋದೆವು: ಕಬ್ಬು ಕಡಿಯುವವರು, ಮತ್ತೆ ಕಬ್ಬು ಕಡಿಯುವವರು.

ಅಲ್ಲೇ ಎರಡನೇ ತಪ್ಪು ಹೊಳೆಯಿತು. ಎರಡು ವರ್ಷ ಜನವರಿಯಲ್ಲಿ ಶಿಬಿರ ಮಾಡಿದ್ದೆವು. ದೀಪಾವಳಿ ಸುಮಾರಿಗೆ ಮುಕಾದಮನ (ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರನ) ಗ್ಯಾಂಗಿನ ಜೊತೆ ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಾರ್ಖಾನೆಗಳ ಕಡೆ ಹೋದ ಮಕ್ಕಳು ತಿರುಗಿ ಬರುವುದು ಯುಗಾದಿಗೆ. ಜನವರಿಯಲ್ಲಿ ಬಾಯಿ ತೆರೆದವರು ಊರಲ್ಲೇ ಉಳಿದವರು, ಅಂದರೆ ಸ್ವಲ್ಪ ಅನುಕೂಲ ಇದ್ದವರು. ಆರು ತಿಂಗಳಿಗೊಮ್ಮೆ ಎಂಬ ಪುಸ್ತಕದ ಲೆಕ್ಕ ಬಿಟ್ಟೆವು. ಜೂನ್ ಎರಡನೇ ವಾರ ಒಂದು ಸಲ, ದಸರಾ ರಜೆಗೆ ಮುಂಚೆ ಒಂದು ಸಲ, ಯುಗಾದಿ ಆದಮೇಲೆ ಬೇಸಿಗೆ ರಜೆಯೊಳಗೆ ಸಿಕ್ಕವರಿಗೆ ಮೂರನೇ ಸಲ. ಇಡೀ ಕೆಲಸದಲ್ಲಿ ಫಲ ಕೊಟ್ಟದ್ದು ಇದೇ.

ಹಚ್ಚುವುದು 38% ಎಸ್‌ಡಿಎಫ್. ಎರಡು ಡೆಸ್ಕ್ ಜೋಡಿಸಿ, ಮಗುವಿನ ತಲೆ ವರಾಂಡದ ಬೆಳಕಿನ ಕಡೆ. ತುಟಿಗೆ, ಒಸಡಿಗೆ ವ್ಯಾಸಲೀನ್. ಕುಳಿಯಲ್ಲಿನ ಅನ್ನದ ಅಗುಳು ಒದ್ದೆ ಹತ್ತಿಯಲ್ಲಿ ತೆಗೆದು, ಹತ್ತಿ ರೋಲ್ ಇಟ್ಟು ಒಣಗಿಸಿ, ಮೈಕ್ರೋಬ್ರಷ್‌ನಿಂದ ಒಂದು ನಿಮಿಷ ಒತ್ತಿ ಹಚ್ಚಿ, ಹೆಚ್ಚಾದದ್ದನ್ನು ಹತ್ತಿಯಿಂದ ಒತ್ತಿ ತೆಗೆಯಿರಿ. ಒಂದು ಹನಿ ನಾಲ್ಕೈದು ಹಲ್ಲಿಗೆ ಸಾಕು. ಮೊದಲ ವರ್ಷ ಸಾಲಲ್ಲಿ ನಿಂತ ಮಕ್ಕಳಿಗೆಲ್ಲ ಒಟ್ಟಿಗೆ ಹನಿ ಹಾಕಿಟ್ಟೆವು. ಬಿಸಿಲಿಗೆ ಅಮೋನಿಯಾ ಹಾರಿ ದ್ರಾವಣ ಮಸುಕಾಯಿತು, ಹಚ್ಚಿದ ಕುಳಿಗಳು ಮೆತ್ತಗೇ ಉಳಿದವು. ಈಗ ಒಂದು ಮಗುವಿಗೆ ಒಂದೇ ಹನಿ, ಆಗಿಂದಾಗ, ಪ್ಲಾಸ್ಟಿಕ್ ಬಟ್ಟಲಿಗೆ. ಗಾಜು, ಲೋಹ ಬೇಡ, ದ್ರಾವಣ ಅವನ್ನು ತಿನ್ನುತ್ತದೆ. ನೆಲಕ್ಕೆ ಹಳೇ ಪೇಪರ್ ಹಾಸಿರಿ. ಶಾಲೆಯ ಬಂಡೆಗೆ ಬಿದ್ದ ಕಲೆಗೆ ನಾವು ಮಾತು ಕೇಳಬೇಕಾಯಿತು.

ಮೊದಲೇ ಕೇಳಬೇಕಾದ ಪ್ರಶ್ನೆ ಒಂದು: "ರಾತ್ರಿ ಹಲ್ಲು ನೋವಿಗೆ ಎದ್ದಿದ್ದೇನವಾ?" ಹೌದೆಂದರೆ, ಬಾವಿದ್ದರೆ, ಕೀವಿನ ಗುಳ್ಳೆ ಇದ್ದರೆ ಹಚ್ಚಬೇಡಿ. ಬೆಳ್ಳಿ ಅಲರ್ಜಿ ಇದ್ದವರಿಗೂ ಬೇಡ. ಈ ಭಾಗದ ಹಲವು ಊರುಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಕಂದು ಕಲೆಯನ್ನು ಹುಳುಕೆಂದು ಬರೆದುಕೊಂಡು ಒಂದು ಶಾಲೆಯ ಪಟ್ಟಿಯನ್ನೇ ಹಾಳು ಮಾಡಿದ್ದೆವು. ಹಲ್ಲು ಒಣಗಿಸಿ ನೋಡಿ: ಹೊಳಪು, ಗಟ್ಟಿ ಇದ್ದು ಎಡಬಲ ಜೋಡಿ ಹಲ್ಲಲ್ಲಿ ಒಂದೇ ಥರ ಇದ್ದರೆ ಅದು ನೀರಿನದು.

ಎಸ್‌ಡಿಎಫ್ ಹಚ್ಚಿದ ಹುಳುಕು ಕಪ್ಪಾಗುತ್ತದೆ, ಅದನ್ನು ಮುಚ್ಚಿಡಬೇಡಿ. "ಹೆಣ್ಣುಮಗು ಐತ್ರಿ, ಮುಂದಿನ ಹಲ್ಲು ಕರ್ರಗಾದ್ರ ಹೆಂಗ?" ಎಂದ ತಾಯಿಯ ಮಾತು ನ್ಯಾಯವೇ. ಹಚ್ಚುವ ಮುನ್ನಿನ, ಹಚ್ಚಿದ ನಂತರದ ಫೋಟೋ ತೋರಿಸಿ, ಒಪ್ಪಿದರೆ ಮಾತ್ರ ಸಹಿ. ಮುಂದಿನ ಹಲ್ಲಿಗೆ ಮೇಲೆ ಜಿಐಸಿ (ಗ್ಲಾಸ್ ಅಯನೋಮರ್ ಸಿಮೆಂಟ್, ಹಲ್ಲಿನ ಬಣ್ಣದ ತುಂಬುವ ಸಿಮೆಂಟ್) ಮುಚ್ಚುತ್ತೇವೆ. ಏಪ್ರಿಲ್ ಬಿಸಿಲಲ್ಲಿ ಜಿಐಸಿ ಕಲಸುವಾಗಲೇ ಬಿಗಿಯುತ್ತದೆ. ಗಾಜಿನ ಹಲಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರಿನ ಹರವಿಯಲ್ಲಿಟ್ಟು, ತೆಗೆದ ಮೇಲೆ ಒರೆಸಿ. ತೇವ ಉಳಿದರೆ ಒಂದೇ ತಿಂಗಳಲ್ಲಿ ಉದುರುತ್ತದೆ. ಕಲಸಿದ್ದಕ್ಕೆ ಹೊಳಪಿರುವಾಗಲೇ ತುಂಬಬೇಕು. ಪುಡಿ ಸೇರಿಸುವ ನಮ್ಮ ಕ್ರಮ ಬೇರೆಯೇ ಇದೆ, ಅದನ್ನು ಜೊತೆಗೆ ಬಂದು ಕೆಲಸ ಮಾಡಿದವರಿಗೆ ತೋರಿಸುತ್ತೇವೆ.

ದುಡ್ಡಿನ ಲೆಕ್ಕ ನೆನಪಿನಿಂದ: 5 ಎಂಎಲ್ ಬಾಟಲಿ ಹೆಚ್ಚುಕಡಿಮೆ 1,500 ರೂಪಾಯಿ. ಸುಮಾರು 200 ಹನಿ ಬರಬೇಕು, ಪೋಲಾದದ್ದು ಬಿಟ್ಟು 150 ಮಕ್ಕಳಿಗಾಗುತ್ತದೆ. ಗ್ಲೌಸ್, ಹತ್ತಿ, ಬ್ರಷ್ ಸೇರಿ ಮಗುವಿಗೆ ಒಂದು ಸಲಕ್ಕೆ 25 ರೂಪಾಯಿಯೊಳಗೆ. ಉಪಕರಣ ಎಂಟು ಸೆಟ್, ಕುದಿಸಲು ನಮ್ಮದೇ ಪ್ರೆಶರ್ ಕುಕ್ಕರ್, ಪ್ರೆಶರ್ ಬಂದ ಮೇಲೆ 20 ನಿಮಿಷ. ಬಿಸಿಯೂಟದ ಕುಕ್ಕರ್ ಕೇಳಬೇಡಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಸ್‌ಡಿಎಫ್ ಮತ್ತು ಜಿಐಸಿಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ಹಾಳೆ ಜೇಬಿನಲ್ಲಿದ್ದರೆ ಅನುಮತಿ ಕೇಳುವಾಗ ಮಾತು ಸುಲಭ.

ಕೀಳಿಸಬೇಕಾದ ಹಲ್ಲಿಗೆ ಚೀಟಿ ಬರೆದುಕೊಟ್ಟರೆ ಯಾರೂ ಹೋಗುತ್ತಿರಲಿಲ್ಲ. ಬಸ್ ಚಾರ್ಜು, ಮೇಲೆ ಒಂದು ದಿನದ ಕೂಲಿ. ಚೀಟಿಯ ಮೇಲೆ ತಾಲ್ಲೂಕಿನ ಸಂತೆಯ ದಿನವನ್ನೇ ಬರೆಯತೊಡಗಿದೆವು. ಹೇಗೂ ಸಂತೆಗೆ ಬರುವವರು ಮಗುವನ್ನೂ ಕರೆತಂದರು. ಅರ್ಧಕ್ಕಿಂತ ಹೆಚ್ಚು ಜನ ತಾಲ್ಲೂಕು ಆಸ್ಪತ್ರೆ ಮುಟ್ಟಿದರು.

ಬ್ರಷ್ ಹಂಚಿದ್ದು ಮಾತ್ರ ಸೋತಿತು. ಮನೆಗೆ ಹೋದ ಬ್ರಷ್ ಒಂದು, ಬಾಯಿ ನಾಲ್ಕು. ಶಾಲೆಯಲ್ಲೇ ಇಟ್ಟರೆ ಜಿರಳೆ. ಕೊನೆಗೆ ಪಿವಿಸಿ ಪೈಪಿಗೆ ನಾಲ್ಕು ಬೆರಳಿಗೊಂದು ತೂತು ಕೊರೆದು, ಹೆಸರು ಬರೆದು, ಕಿಟಕಿಯ ಬಿಸಿಲಿಗೆ ಕಟ್ಟಿದೆವು. ಬಿಸಿಯೂಟದ ನಂತರ ನಲ್ಲಿಯ ಹತ್ತಿರ ಟೀಚರೇ ಬಟಾಣಿ ಗಾತ್ರದ ಪೇಸ್ಟ್ ಹಾಕುತ್ತಾರೆ. ಗುಳೆ ಹೊರಡುವ ಮಕ್ಕಳಿಗೆ ದಸರೆಗೆ ಮುಂಚೆಯೇ ಅದೇ ಬ್ರಷ್, ಹತ್ತು ರೂಪಾಯಿಯ ಎರಡು ಪೇಸ್ಟ್ ಕಟ್ಟಿಕೊಡುತ್ತೇವೆ. ಯುಗಾದಿಗೆ ಬಂದಾಗ ಮೊದಲು ಬ್ರಷ್ ಕೇಳಿ ನೋಡುತ್ತೇವೆ. ಎಳೆ ಸವೆದಿದ್ದರೆ ಆ ಹೆಸರಿನ ಮುಂದೆ ಒಂದು ಚುಕ್ಕೆ. ಹೋದ ವರ್ಷ ಒಂದು ತಾಂಡಾದಲ್ಲಿ ಹನ್ನೊಂದು ಚುಕ್ಕೆ ಬಿದ್ದವು.