ವೀಣೆ ಎಲ್ಲಿಯದು, ಚೌಡಿಕೆ ಯಾವ ಗುಂಪಿಗೆ? ವಿಕಿಪೀಡಿಯದ ವಾದ್ಯ ಜಗಳಗಳಲ್ಲಿ ನನ್ನ ಅನುಭವ

ವಿಕಿಪೀಡಿಯದಲ್ಲಿ ಸಂಗೀತ ವಾದ್ಯಗಳ ಲೇಖನ ಬರೆಯುವುದು, ತಿದ್ದುವುದು ನನ್ನ ಬಹುಕಾಲದ ಕೆಲಸ. ಹೆಚ್ಚಿನದು ಕನ್ನಡದಲ್ಲಿ, ಆಗಾಗ ಇಂಗ್ಲಿಷಿನಲ್ಲೂ. ರಾಜಕಾರಣಿಗಳ, ಸಿನಿಮಾ ನಟರ ಪುಟಗಳಲ್ಲಿ ಜಗಳ ಜಾಸ್ತಿ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ವಾದ್ಯಗಳ ಪುಟಗಳೂ ಅದಕ್ಕೇನು ಕಡಿಮೆಯಿಲ್ಲ. ಇಲ್ಲಿ ಬರೆಯುವವರಲ್ಲಿ ಬಹಳ ಜನ ಆ ವಾದ್ಯವನ್ನು ಕಲಿತವರು, ಗುರುಗಳ ಮೇಲೆ ಭಕ್ತಿ ಇಟ್ಟುಕೊಂಡವರು. ಗುರು ಹೇಳಿದ ಮಾತನ್ನು ಗುರುತು ಪರಿಚಯ ಇಲ್ಲದ ಯಾರೋ ಬಂದು ಅಳಿಸಿದರೆ ಸಿಟ್ಟು ಬರುತ್ತದೆ ಅಲ್ವಾ? ಆ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆದರೆ ಸಿಟ್ಟಿನಿಂದ ಲೇಖನ ಮುಂದೆ ಹೋಗುವುದಿಲ್ಲ.

ಜಗಳದ ಬೇರು ಹೆಚ್ಚಾಗಿ ಎರಡೇ ಪ್ರಶ್ನೆಯಲ್ಲಿರುತ್ತದೆ. ಎಷ್ಟು ಹಳೆಯದು? ಯಾರ ಊರಿನದು? ಈ ಪ್ರಶ್ನೆಗಳನ್ನು ಹಿಡಿದುಕೊಂಡು ವಾದ ಮಾಡಿದಷ್ಟೂ ಎರಡೂ ಕಡೆಯವರು ಗಟ್ಟಿಯಾಗುತ್ತಾರೆ. ಹಾಗಾಗಿ ನಾನು ಮಾತನ್ನು ವಾದ್ಯದ ಮೈಗೆ ತರುತ್ತೇನೆ. ತಂತಿ ಎಷ್ಟು, ಮರ ಯಾವುದು, ಮೆಟ್ಟಿಲು (ಸ್ವರದ ಜಾಗಕ್ಕೆ ತಂತಿಯ ಕೆಳಗೆ ಅಡ್ಡ ಕೂರಿಸುವ ಪಟ್ಟಿ) ಕದಲುತ್ತದೋ ಇಲ್ಲವೋ, ಚರ್ಮ ಎಲ್ಲಿದೆ. ಇದನ್ನೆಲ್ಲ ಕೇಳಿದ ಮೇಲೆ ಅರ್ಧ ಜಗಳ ತಾನಾಗೇ ಕರಗುವುದನ್ನು ಕಂಡಿದ್ದೇನೆ.

ವೀಣೆಯ ವಿಷಯವನ್ನೇ ಹೇಳುತ್ತೇನೆ. ಒಬ್ಬರು ಮೊದಲ ಸಾಲಿನಲ್ಲಿ ವೀಣೆ ವೇದಕಾಲದಿಂದ ಇರುವ ವಾದ್ಯ ಎಂದು ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಅಳಿಸಿ, 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ವೀಣೆ ಹುಟ್ಟಿತು ಎಂದು ಹಾಕುತ್ತಾರೆ. ಮೊದಲಿನವರು ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಹೀಗೆ ತಿರುಗಿಸಿದರೆ ಸಂಪಾದನೆಗೆ ತಡೆ ಬೀಳುತ್ತದೆ ಎಂಬ ನಿಯಮ ಇಂಗ್ಲಿಷ್ ವಿಕಿಪೀಡಿಯದಲ್ಲಿದೆ. ಅದು ಜಗಳ ನಿಲ್ಲಿಸುತ್ತದೆ ಅಷ್ಟೇ, ಬಗೆಹರಿಸುವುದಿಲ್ಲ.

ನಾನು ಚರ್ಚೆ ಪುಟಕ್ಕೆ ಹೋಗಿ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ. ನೀವು ಹೇಳುತ್ತಿರುವ ವೀಣೆ ನೋಡಲು ಹೇಗಿದೆ? ಅದಕ್ಕೆ ಮೆಟ್ಟಿಲುಗಳಿವೆಯಾ? ಇದ್ದರೆ ಎಷ್ಟು? ಉತ್ತರ ಬರುತ್ತಾ ಹೋದ ಹಾಗೆ ಇಬ್ಬರೂ ಬೇರೆ ಬೇರೆ ವಾದ್ಯಗಳ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣಿಸಿತು. 4ನೇ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ರಾಜ ಕುಳಿತು ವೀಣೆ ನುಡಿಸುವ ಚಿತ್ರವಿದೆ. ಆ ವೀಣೆ ಬಿಲ್ಲಿನಂತೆ ಬಾಗಿದೆ. ಅದರಲ್ಲಿ ಮೆಟ್ಟಿಲು ಇಲ್ಲವೇ ಇಲ್ಲ, ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ನಮ್ಮ ಹೊಯ್ಸಳ ಗುಡಿಗಳ ಶಿಲ್ಪಗಳಲ್ಲಿ ಕಾಣುವುದು ಬೇರೆ, ಅದು ಕೋಲಿಗೆ ಒಣಗಿದ ಸೋರೆ ಬುರುಡೆ ಕಟ್ಟಿದ ವೀಣೆ. ಇವತ್ತು ಕಛೇರಿಯಲ್ಲಿ ಮಡಿಲಲ್ಲಿಟ್ಟು ನುಡಿಸುವ ಸರಸ್ವತಿ ವೀಣೆಗೆ ಕೊಡ (ನಾದ ಹೊಮ್ಮುವ ದುಂಡು ಮೈ), ದಂಡಿ (ಉದ್ದನೆಯ ಕುತ್ತಿಗೆ), ಸಿಂಹದಂಥ ಯಾಳಿಯ ಮುಖ, ನುಡಿಸುವ ನಾಲ್ಕು ತಂತಿ, ತಾಳಕ್ಕೆ ಮೂರು ತಂತಿ, ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು ಇವೆ. ರಘುನಾಥ ನಾಯಕನ ಹೆಸರು ಬರುವುದು ಈ 24 ಮೆಟ್ಟಿಲಿನ ವೀಣೆಗೆ. ಅವನ ಮಂತ್ರಿ ಗೋವಿಂದ ದೀಕ್ಷಿತರ ಹೆಸರೂ ಅದರ ಜೊತೆಗೇ ಬರುತ್ತದೆ.

ಹಳೆಯ ವೀಣೆಗಳಿಗೂ ಈ 24 ಮೆಟ್ಟಿಲಿನ ವೀಣೆಗೂ ನಡುವೆ ಒಂದು ಕೊಂಡಿ ಇತ್ತು. ಅದನ್ನು ಇಬ್ಬರೂ ಬಿಟ್ಟಿದ್ದರು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿ ಬರೆದ. ಅದರ ವೀಣಾ ಪ್ರಕರಣದಲ್ಲಿ ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರಮೇಳ ವೀಣೆ ಎಂದು ತಂತಿ ಶ್ರುತಿ ಮಾಡುವ ಕ್ರಮದ ಮೇಲೆ ಬಗೆಗಳನ್ನು ಹೇಳಿ, ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕು ಎಂದೂ ವಿವರಿಸಿದ್ದಾನೆ. ಅಂದರೆ ತಂಜಾವೂರಿನ ಕೆಲಸ ಶೂನ್ಯದಿಂದ ಶುರುವಾಗಿದ್ದಲ್ಲ. ಅದಕ್ಕಿಂತ ಮುಂಚೆ ಹಂಪಿಯಲ್ಲಿ ಮೆಟ್ಟಿಲಿನ ಬಗ್ಗೆ ಗಂಭೀರ ಯೋಚನೆ ನಡೆದಿತ್ತು. ಇದನ್ನು ಸೇರಿಸಿದ ಕೂಡಲೇ, ಕನ್ನಡದ ಅಭಿಮಾನಕ್ಕೆ ಹಂಪಿಯನ್ನು ಎಳೆದು ತಂದಿದ್ದೀರಿ ಎಂಬ ಆಕ್ಷೇಪ ಬಂತು. ನಾನು ವಾದ ಮಾಡಲಿಲ್ಲ. ಪಠ್ಯದಲ್ಲಿ ಎಲ್ಲಿದೆ ಎಂದು ತೋರಿಸಿ, ಇದು ವೀಣೆ ಹುಟ್ಟಿದ ಜಾಗ ಎಂದು ನಾನು ಎಲ್ಲೂ ಬರೆದಿಲ್ಲ ಅಂದೆ. ಕೊನೆಗೆ ಇತಿಹಾಸದ ಭಾಗ ಹೀಗೆ ನಿಂತಿತು: ಮೊದಲು ಬಿಲ್ಲಿನ ಆಕಾರದವು, ಆಮೇಲೆ ಕೋಲು ಮತ್ತು ಬುರುಡೆಯವು, ಆಮೇಲೆ ವಿಜಯನಗರದ ಗ್ರಂಥ, ಆಮೇಲೆ ತಂಜಾವೂರಿನ 24 ಮೆಟ್ಟಿಲು. ವೇದಕಾಲ ಎಂದವರ ಸಾಲೂ ಉಳಿಯಿತು, ತಂಜಾವೂರು ಎಂದವರ ಸಾಲೂ ಉಳಿಯಿತು. ಯಾವ ವೀಣೆ ಎಂಬುದು ಮಾತ್ರ ಪ್ರತಿ ಸಾಲಿನಲ್ಲೂ ಸ್ಪಷ್ಟವಾಯಿತು.

ಮೈಸೂರು ವೀಣೆ, ತಂಜಾವೂರು ವೀಣೆ ಅನ್ನುವ ಜಗಳ ಇದಕ್ಕಿಂತ ಬಿಸಿ. 2013ರಲ್ಲಿ ತಂಜಾವೂರು ವೀಣೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದನ್ನೇ ಆಧಾರ ಮಾಡಿಕೊಂಡು, ನಿಜವಾದ ವೀಣೆ ಅದೊಂದೇ ಅಂತ ಬರೆದವರನ್ನು ನೋಡಿದ್ದೇನೆ. ಆ ಮಾನ್ಯತೆ ಹೇಳುವುದು ಅಷ್ಟಲ್ಲ. ಆ ಹೆಸರಿನಲ್ಲಿ ಮಾರಬೇಕಾದರೆ ಆ ಪ್ರದೇಶದಲ್ಲಿ, ಆ ಕ್ರಮದಲ್ಲಿ ಮಾಡಿದ್ದಾಗಿರಬೇಕು ಅಂತ ಮಾತ್ರ. ಇತಿಹಾಸದ ತೀರ್ಪು ಅದರಲ್ಲಿಲ್ಲ. ನಮ್ಮ ಕಡೆಯವರೂ ಸುಮ್ನೆ ಇರುವುದಿಲ್ಲ. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ ಎಂದು ಮೈಸೂರಿನ ವೈಣಿಕರ ಹೆಸರುಗಳ ಸಾಲು ಹಾಕಿ, ಮೈಸೂರು ವೀಣೆಯೇ ಶ್ರೇಷ್ಠ ಎನ್ನುತ್ತಾರೆ.

ಇಲ್ಲಿ ಎರಡು ವಿಷಯ ಕಲೆಸಿಹೋಗಿವೆ. ಬಾಣಿ, ಅಂದರೆ ನುಡಿಸುವ ಶೈಲಿ, ಇರುವುದು ಕೈಯಲ್ಲಿ. ವೀಣೆ ಇರುವುದು ಮರದಲ್ಲಿ. ತಂಜಾವೂರಿನ ವೀಣೆಗೆ ಹಲಸಿನ ಮರ, ಮೈಸೂರಿನದಕ್ಕೆ ಸಾಂಪ್ರದಾಯಿಕವಾಗಿ ಬೀಟೆ ಮರ. ಇದು ವಾದ್ಯದ ಲೇಖನಕ್ಕೆ ಸೇರಿದ ಮಾತು. ಮೈಸೂರು ಬಾಣಿಯಲ್ಲಿ ಮೀಟಿಗೆ ಇರುವ ಜಾಗ, ತಂಜಾವೂರಿನಲ್ಲಿ ಗಮಕ ಎಳೆಯುವ ರೀತಿ, ಇದು ಬಾಣಿಯ ಲೇಖನಕ್ಕೆ ಸೇರಿದ್ದು. ಮೈಸೂರು ಬಾಣಿಯವರು ಹಲಸಿನ ವೀಣೆ ಹಿಡಿದರೂ ಬಾಣಿ ಬದಲಾಗುವುದಿಲ್ಲ. ಎರಡನ್ನೂ ಎರಡು ಭಾಗ ಮಾಡಿದೆ. 1852ರಲ್ಲಿ ಹುಟ್ಟಿ 1926ರಲ್ಲಿ ತೀರಿಕೊಂಡ ಶೇಷಣ್ಣನವರು ಬಾಣಿಯ ಭಾಗಕ್ಕೆ ಹೋದರು. ಶ್ರೇಷ್ಠ ಎಂಬ ಪದ ಎರಡೂ ಕಡೆಯಿಂದ ಹೋಯಿತು. ಆಮೇಲೆ ಆ ಪುಟ ತಣ್ಣಗಾಯಿತು.

ಇನ್ನು ಲೇಖನದ ಬಲಗಡೆ ಬರುವ ಮಾಹಿತಿ ಚೌಕ. ನೋಡಲು ಸಣ್ಣದು, ಆದರೆ ಅತಿ ಉದ್ದದ ಚರ್ಚೆಗಳು ಅದರ ಮೇಲೇ ನಡೆದಿವೆ. ಅದರಲ್ಲಿ ವರ್ಗೀಕರಣದ ಜಾಗವಿದೆ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ವಿದ್ವಾಂಸರು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಅಂಕಿ ಪದ್ಧತಿಯನ್ನು ಜಗತ್ತಿನ ಮ್ಯೂಸಿಯಂಗಳು ಬಳಸುತ್ತವೆ, ವಿಕಿಪೀಡಿಯವೂ ಬಳಸುತ್ತದೆ. ಅದರ ಪ್ರಕಾರ ಸರಸ್ವತಿ ವೀಣೆ 321.321, ಅಂದರೆ ಕುತ್ತಿಗೆ ಇರುವ ಬೋಗುಣಿ ಮೈಯ ತಂತಿವಾದ್ಯ. ಎರಡು ಬುರುಡೆ ಇರುವ ರುದ್ರವೀಣೆ 311.222, ಅದು ಕೋಲಿನ ಗುಂಪು. ಇದನ್ನು ಕಂಡು ಹಲವರಿಗೆ ನೋವಾಗುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ತತ (ತಂತಿ), ಅವನದ್ಧ (ಚರ್ಮ), ಘನ (ತಾಳದಂಥ ಗಟ್ಟಿ ವಾದ್ಯ), ಸುಷಿರ (ಊದುವ ವಾದ್ಯ) ಎಂಬ ನಾಲ್ಕು ವರ್ಗಗಳಿರುವಾಗ, ನಮ್ಮ ವೀಣೆಗೆ ಜರ್ಮನ್ ನಂಬರು ಯಾಕೆ ಅಂತ ಕೇಳುತ್ತಾರೆ. ಇನ್ನೊಂದು ಕಡೆಯವರು, ವಿಶ್ವಕೋಶಕ್ಕೆ ವೈಜ್ಞಾನಿಕ ಪದ್ಧತಿ ಸಾಕು, ಹಳೆಯದು ಬೇಡ ಎನ್ನುತ್ತಾರೆ.

ಈ ಚರ್ಚೆಯಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿದ್ದು ಆ ಅಂಕಿಗಳ ಹಿಂದಿನ ಕಥೆ. ಕಲ್ಕತ್ತೆಯ ಸೌರೀಂದ್ರ ಮೋಹನ ಠಾಕೂರರು 1876ರಲ್ಲಿ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನಿಗೆ ಸುಮಾರು ನೂರು ಭಾರತೀಯ ವಾದ್ಯಗಳನ್ನು ಕಳಿಸಿಕೊಟ್ಟರು. ಅವು ಬ್ರಸೆಲ್ಸ್‌ನ ಸಂಗೀತ ಶಾಲೆಯ ಸಂಗ್ರಹಕ್ಕೆ ಸೇರಿದವು. ಅಲ್ಲಿನ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ವಿಕ್ಟರ್ ಮಹಿಯೋನ್ ವಾದ್ಯಗಳನ್ನು ನಾಲ್ಕು ವರ್ಗ ಮಾಡಿದ. ಆ ನಾಲ್ಕು ನಮ್ಮ ತತ, ಅವನದ್ಧ, ಘನ, ಸುಷಿರಕ್ಕೆ ಹೊಂದುತ್ತವೆ. ಹಾರ್ನ್‌ಬಾಸ್ಟೆಲ್ ಮತ್ತು ಸ್ಯಾಕ್ಸ್ ತಮ್ಮ ಪದ್ಧತಿ ಕಟ್ಟಿದ್ದು ಮಹಿಯೋನನ ಕೆಲಸದ ಮೇಲೆ. ಹಾಗಿದ್ದ ಮೇಲೆ ಭರತನ ವರ್ಗ ಮತ್ತು ಆ ಅಂಕಿ ಒಂದೇ ಚೌಕದಲ್ಲಿ ಅಕ್ಕಪಕ್ಕ ಕೂರಬಾರದು ಅನ್ನಲು ಕಾರಣವೇ ಇಲ್ಲ. ನಾನು ಎರಡನ್ನೂ ಹಾಕಿದೆ. ಹಾಕುವ ಮೊದಲು ಈ ಕಥೆಯನ್ನು ಚರ್ಚೆ ಪುಟದಲ್ಲಿ ಬಿಡಿಸಿ ಬರೆದೆ. ಎರಡೂ ಕಡೆಯವರು ಒಪ್ಪಿದರು. ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಅದೇ.

ತಬಲಾ ಪುಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಬಲಾ ಕಂಡುಹಿಡಿದವನು ದೆಹಲಿಯ ಕವಿ ಅಮೀರ್ ಖುಸ್ರೋ ಎಂದು ಒಂದು ಗುಂಪು ಹೇಳುತ್ತದೆ. ಅವನ ಕಾಲ 1253ರಿಂದ 1325. ಇನ್ನೊಂದು ಗುಂಪು ಲೋಣಾವಳ ಹತ್ತಿರದ ಭಾಜಾ ಗುಹೆಯ ಶಿಲ್ಪ ತೋರಿಸಿ, ಕ್ರಿಸ್ತಪೂರ್ವದಲ್ಲೇ ತಬಲಾ ಇತ್ತು ಎನ್ನುತ್ತದೆ. ಆ ಶಿಲ್ಪದಲ್ಲಿ ಒಬ್ಬ ಹೆಂಗಸು ಚರ್ಮವಾದ್ಯ ನುಡಿಸುತ್ತಿರುವುದು ನಿಜ. ಇವತ್ತಿನ ತಬಲಾ ಎಂದು ಗುರುತಿಸಬಹುದಾದ ಜೋಡಿ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುವುದು 18ನೇ ಶತಮಾನದಲ್ಲಿ. ಖುಸ್ರೋ ಬಗ್ಗೆ, ಹೀಗೊಂದು ನಂಬಿಕೆ ಇದೆ ಎಂದು ಬರೆಯಬಹುದು, ಕಂಡುಹಿಡಿದ ಎಂದು ಬರೆಯಲಾಗದು. ಇಲ್ಲಿನ ದೊಡ್ಡ ತೊಂದರೆ ಉಲ್ಲೇಖಗಳದ್ದು. ವಿಕಿಪೀಡಿಯದ ಸಾಲನ್ನೇ ಯಾರೋ ಒಂದು ಲೇಖನಕ್ಕೆ ಎತ್ತಿಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಆ ಲೇಖನವೇ ವಿಕಿಪೀಡಿಯದ ಸಾಲಿಗೆ ಆಧಾರವಾಗಿ ಬಂದು ಕೂರುತ್ತದೆ. ಅದಕ್ಕೆ ನಾನು ಪ್ರತಿ ಉಲ್ಲೇಖದ ತಾರೀಖನ್ನೂ ನೋಡಿ, ಪುಟದ ಇತಿಹಾಸದಲ್ಲಿ ಆ ಸಾಲು ಮೊದಲು ಬಂದ ದಿನದ ಜೊತೆ ಹೋಲಿಸುತ್ತೇನೆ. ಸಾಲು ಮೊದಲು, ಉಲ್ಲೇಖ ಆಮೇಲೆ ಅಂತಾದರೆ ಅನುಮಾನ ಪಡಬೇಕು.

ಫೋಟೋಗಳಿಗೂ ಇಂಥದ್ದೇ ಒಂದು ಪರೀಕ್ಷೆ ಇದೆ. ಎಡಗೈಯಲ್ಲಿ ಮೀಟುವ ವೈಣಿಕರು ಎಂದು ಶೀರ್ಷಿಕೆ ಬರೆದ ಚಿತ್ರ ಕಂಡರೆ, ಅವರು ಉಟ್ಟ ಸೀರೆಯ ಸೆರಗು ಅಥವಾ ಹಿಂದಿನ ಬ್ಯಾನರಿನ ಅಕ್ಷರ ನೋಡಿ. ಹೆಚ್ಚಾಗಿ ಚಿತ್ರವೇ ಕನ್ನಡಿಯಂತೆ ತಿರುಗಿರುತ್ತದೆ.

ಈಗ ಚೌಡಿಕೆ. ಸವದತ್ತಿ ಎಲ್ಲಮ್ಮನ ಭಕ್ತರು, ಜೋಗತಿಯರು ಹಾಡುವಾಗ ನುಡಿಸುವ ವಾದ್ಯ. ಟೊಳ್ಳು ಕೊಳವೆಯಂಥ ಮೈ, ಕೆಳಗೆ ಬಿಗಿದ ಚರ್ಮ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಯ ಬಿರಡೆಗೆ ಹೋಗುವ ಒಂದು ತಂತಿ. ಕಂಕುಳಲ್ಲಿ ಹಿಡಿದು ಇನ್ನೊಂದು ಕೈಯಿಂದ ಮೀಟುತ್ತಾರೆ. ಇದು ತಂತಿವಾದ್ಯವೋ ಚರ್ಮವಾದ್ಯವೋ? ಮೀಟುವುದು ತಂತಿ, ಗುಂಯ್ ಎನ್ನುವುದು ಚರ್ಮ. ಒಬ್ಬರು ತತ ಎಂದು ಹಾಕಿದರೆ ಇನ್ನೊಬ್ಬರು ಅವನದ್ಧ ಎಂದು ಬದಲಿಸುತ್ತಾರೆ, ಇಬ್ಬರಿಗೂ ಕಾರಣವಿದೆ. ಈ ಗೊಂದಲ ನಮ್ಮಲ್ಲಿ ಮಾತ್ರ ಇಲ್ಲ. 1914ರ ಪದ್ಧತಿಯಲ್ಲಿ ಬಂಗಾಳದ ಗೋಪಿಯಂತ್ರ, ಆನಂದಲಹರಿಯಂಥ ವಾದ್ಯಗಳಿಗಾಗಿ ಮೀಟುವ ಚರ್ಮವಾದ್ಯ ಎಂಬ ಪ್ರತ್ಯೇಕ ಗುಂಪನ್ನೇ ಮಾಡಿ 22 ಎಂಬ ಅಂಕಿ ಕೊಟ್ಟರು. ಅವು ತಂತಿವಾದ್ಯಗಳೇ, ಚರ್ಮ ಬರೀ ನಾದ ಹಿಗ್ಗಿಸಲು ಎಂದು ಮುಂದೆ ವಿದ್ವಾಂಸರು ಆಕ್ಷೇಪಿಸಿದರು. ವಿದ್ವಾಂಸರಲ್ಲೇ ಒಮ್ಮತ ಇಲ್ಲದಾಗ ಸಂಪಾದಕರಾದ ನಾವು ಒಂದನ್ನು ಆರಿಸಬಾರದು. ಚೌಕದಲ್ಲಿ ಅಂಕಿ ಹಾಕುವುದನ್ನು ಬಿಟ್ಟು, ಲೇಖನದೊಳಗೆ ಒಂದು ಪ್ಯಾರಾದಲ್ಲಿ ಎರಡು ವಾದವನ್ನೂ ವಿವರಿಸೋಣ ಎಂದು ಪ್ರಸ್ತಾಪ ಇಟ್ಟೆ. ಅದು ನಿಂತಿದೆ.

ನಿಲ್ಲದೇ ಇರುವುದು ಇನ್ನೊಂದಿದೆ. ಬಿರಡೆ ತಿರುಗಿಸಿ ಶ್ರುತಿ ಎಲ್ಲಿಗೆ ನಿಲ್ಲಿಸಬೇಕು, ಚರ್ಮ ಯಾವಾಗ ಬದಲಿಸಬೇಕು, ಹಾಡಿನ ಮಧ್ಯೆ ಮೀಟು ಹೇಗೆ ಬದಲಾಗಬೇಕು ಎಂಬುದೆಲ್ಲ ಜೋಗತಿಯರಿಗೆ ಗೊತ್ತು. ಅವರ ಬಾಯಲ್ಲಿ ಕೇಳಿದ್ದನ್ನು ನಾನು ಬರೆದರೆ ಅದು ಸ್ವಂತ ಸಂಶೋಧನೆ ಎಂದು ಅಳಿಸಲ್ಪಡುತ್ತದೆ. ನಿಯಮ ಯಾಕಿದೆ ಎಂದು ನನಗೆ ಗೊತ್ತು. ಅದಿಲ್ಲದಿದ್ದರೆ ತಬಲಾ ಪುಟದ ಗತಿ ಎಲ್ಲ ಪುಟಗಳಿಗೂ ಬರುತ್ತದೆ. ಆದರೂ ಅಚ್ಚಾಗಿದ್ದು ಮಾತ್ರ ತಿಳಿವಳಿಕೆ ಎಂಬುದನ್ನು ನಾನು ಒಪ್ಪಲಾರೆ. 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಬಾಯಿಮಾತಿನ ಧ್ವನಿಮುದ್ರಣವನ್ನೇ ಉಲ್ಲೇಖವಾಗಿ ಬಳಸುವ ಪ್ರಯೋಗ ವಿಕಿಪೀಡಿಯದಲ್ಲಿ ನಡೆದಿತ್ತು. ಅದರ ದಾರಿ ಹಿಡಿದು, ನುಡಿಸುವವರ ಒಪ್ಪಿಗೆ ಪಡೆದು, ಅವರು ಶ್ರುತಿ ಮಾಡುವುದನ್ನು ವಿಡಿಯೋ ಮಾಡಿ, ವಿಕಿಪೀಡಿಯದ ಚಿತ್ರ, ವಿಡಿಯೋಗಳನ್ನು ಇಡುವ ತಾಣವಾದ ಕಾಮನ್ಸ್‌ಗೆ ಹಾಕುತ್ತಿದ್ದೇನೆ. ಲೇಖನದಲ್ಲಿ ಅದನ್ನು ಆಧಾರವಾಗಿ ಅಲ್ಲ, ಚಿತ್ರದ ಹಾಗೆ ಸೇರಿಸುತ್ತೇನೆ. ಓದುಗರು ನೋಡಿ, ಕೇಳಿ ತಿಳಿದುಕೊಳ್ಳಬಹುದು.

ಇದೂ ಬೇಡ ಎನ್ನುವವರಿದ್ದಾರೆ. ಅವರ ಜೊತೆ ಚರ್ಚೆ ಇನ್ನೂ ನಡೆಯುತ್ತಿದೆ. ಚೌಡಿಕೆಯ ಬಗ್ಗೆ ಯಾವುದಾದರೂ ಹಳೆಯ ಜಾನಪದ ಪತ್ರಿಕೆಯಲ್ಲೋ, ಪಿಎಚ್‌ಡಿ ಪ್ರಬಂಧದಲ್ಲೋ ಬರೆದದ್ದು ನಿಮ್ಮ ಹತ್ತಿರ ಇದ್ದರೆ, ಪುಟದ ಸಂಖ್ಯೆ ಸಮೇತ ಲೇಖನದ ಚರ್ಚೆ ಪುಟದಲ್ಲಿ ಹಾಕಿ. ಶ್ರುತಿಯ ಬಗ್ಗೆ ಒಂದೇ ಒಂದು ಪ್ಯಾರಾ ಸಿಕ್ಕಿದರೂ ಸಾಕು.