ಮುದ್ದೆ ಬಿಡದೆ ತೂಕ ಉಳಿಸಿಕೊಂಡ ಬಗೆ

ನಾನು ಕೋಲಾರದಲ್ಲಿ ಪ್ರೌಢಶಾಲಾ ಶಿಕ್ಷಕ. ಎತ್ತರ 168 ಸೆಂ.ಮೀ. 2017ರಲ್ಲಿ ನನ್ನ ತೂಕ 84 ಕಿಲೋ ಮುಟ್ಟಿದಾಗ, ತೂಕ ಇಳಿಸುವ ಒಂದು ಕೇಂದ್ರದವರ ಮಾತು ನಂಬಿ ಮುದ್ದೆ, ಅನ್ನ ಎರಡನ್ನೂ ಬಿಟ್ಟು, ರಾತ್ರಿ ಅವರು ಕೊಟ್ಟ ಪುಡಿಯನ್ನು ನೀರಿಗೆ ಕದಡಿ ಕುಡಿದೆ. ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿಯಿತು. ಚಳಿಗಾಲ ಬಂದು, ಸೊಗಡಿನ ಅವರೆಕಾಯಿ ಮನೆಗೆ ಬಂದು, ಹಿತಕಿದ ಬೇಳೆ ಸಾರು ಕುದಿಯತೊಡಗಿದ ದಿನ ಆ ಪಥ್ಯ ಮುಗಿಯಿತು. ಒಂದು ವರ್ಷದಲ್ಲಿ ನನ್ನ ತೂಕ 86 ಆಗಿತ್ತು. ಜೀವನಪೂರ್ತಿ ಉಣ್ಣಲಾಗದ ಊಟದಿಂದ ಇಳಿಸಿದ ತೂಕ ಉಳಿಯುವುದಿಲ್ಲ ಎಂಬುದು ಆಗ ನನಗೆ ಅರ್ಥವಾಯಿತು.

ಹಿಟ್ಟಂ ತಿಂದವಂ ಬೆಟ್ಟಂ ಕಿತ್ತಿಟ್ಟಂ ಎಂಬ ಮಾತು ನಮ್ಮ ತಂದೆಗೆ ಸಲ್ಲುತ್ತಿತ್ತು, ಏಕೆಂದರೆ ಅವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ನಾನು ಅದೇ ಗಾತ್ರದ ಎರಡು ಮುದ್ದೆ ಉಂಡು ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ರಾಗಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಹೇರಳವಾಗಿರುವುದು ನಿಜ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ; ಅಕ್ಕಿಗಿಂತ ಅದು ಬಹಳ ಕಡಿಮೆಯೇನಲ್ಲ. ಒಂದು ರಾತ್ರಿ ಹಿಟ್ಟನ್ನು ತಕ್ಕಡಿಯಲ್ಲಿಟ್ಟು ನೋಡಿದೆ. ನನ್ನ ಎರಡು ಮುದ್ದೆಗೆ 230 ಗ್ರಾಂ ಹಿಟ್ಟು ಬೇಕಾಗುತ್ತಿತ್ತು, ಅಂದರೆ ಸಾರು, ಪಲ್ಯ ಸೇರಿಸುವ ಮೊದಲೇ 700 ಕ್ಯಾಲೊರಿ ದಾಟಿರುತ್ತಿತ್ತು. ಅಂದಿನಿಂದ 80 ಗ್ರಾಂ ಹಿಟ್ಟಿನ ಒಂದೇ ಮುದ್ದೆ.

ಹಸಿವಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಬಸ್ಸಾರಿನಲ್ಲೇ ಸಿಕ್ಕಿತು. ಹುರುಳಿಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟ ಹತ್ತೇ ನಿಮಿಷದಲ್ಲಿ ಮುಗಿಯುತ್ತಿತ್ತು, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಹಾಗಾಗಿ ನಾನು ಮೊದಲು ಒಂದು ದೊಡ್ಡ ಬಟ್ಟಲು ಪಲ್ಯವನ್ನು ನಿಧಾನವಾಗಿ ಅಗಿದು ತಿಂದು, ಆಮೇಲೆ ಮುದ್ದೆ ಮುರಿಯುತ್ತೇನೆ. ಇಷ್ಟು ಬದಲಾವಣೆಯಿಂದ ನನಗಾದ ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ. ಎಣ್ಣೆಯನ್ನೂ ಅಳೆದೆವು: ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಸುರಿಯುತ್ತಿದ್ದುದನ್ನು ಎರಡೂವರೆಗೆ ಇಳಿಸಿದೆವು, ತಲೆಗೆ ದಿನಕ್ಕೆ ನೂರು ಕ್ಯಾಲೊರಿ ಉಳಿಯಿತು.

ಬರೀ ನಡಿಗೆಯಿಂದ ತೂಕ ಇಳಿಯಲಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಮುಕ್ಕಾಲು ಗಂಟೆಯ ನಡಿಗೆಯ ಲಾಭವನ್ನು ತುಪ್ಪ ಸವರಿದ ಒಂದು ಒಬ್ಬಟ್ಟು ನುಂಗಿಬಿಡುತ್ತದೆ. ಆದರೆ ಇಳಿದ ತೂಕ ಮರಳದಂತೆ ತಡೆದದ್ದು ನಡಿಗೆಯೇ. ವಾರಕ್ಕೆ ಐದು ದಿನ 45 ನಿಮಿಷ ಬಿರುಸಾಗಿ ನಡೆಯುತ್ತೇನೆ, ಭಾನುವಾರ ಅಂತರಗಂಗೆಯ ಮೆಟ್ಟಿಲು ಹತ್ತುತ್ತೇನೆ. ಇಳಿಯುವಾಗ ಮೊಣಕಾಲಿಗೆ ಭಾರ ಬೀಳುವುದರಿಂದ ಅಲ್ಲಿ ಮಾತ್ರ ಅವಸರ ಮಾಡುವುದಿಲ್ಲ. ಮೊದಲ ಸಲ ಪಥ್ಯದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗಿತ್ತೆಂದು ವೈದ್ಯರು ಹೇಳಿದ್ದರಿಂದ, ವಾರಕ್ಕೆರಡು ಬಾರಿ ಬಸ್ಕಿ, ದಂಡ ಹೊಡೆಯುವುದನ್ನೂ ಸೇರಿಸಿದೆ.

ಹದಿನೆಂಟು ತಿಂಗಳಲ್ಲಿ ತೂಕ 70ಕ್ಕೆ ಬಂತು, 104 ಸೆಂ.ಮೀ. ಇದ್ದ ಸೊಂಟ 89 ಆಯಿತು. ಭಾರತೀಯ ಗಂಡಸರಿಗೆ ಅದು 90 ದಾಟಬಾರದು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಿ, ಕ್ಯಾಲೆಂಡರ್‌ನಲ್ಲೇ ಬರೆಯುತ್ತೇನೆ. ಉಪ್ಪು, ನೀರಿನಿಂದಲೇ ಒಂದು ಕಿಲೋ ಹೆಚ್ಚುಕಡಿಮೆಯಾಗುವುದರಿಂದ ಒಂದು ವಾರದ ಅಂಕಿಗೆ ಗಾಬರಿಯಾಗುವುದಿಲ್ಲ. ಎರಡು ಭಾನುವಾರ ಸತತವಾಗಿ 72 ದಾಟಿದರೆ ಮಾತ್ರ ಸಂಜೆಯ ಬೋಂಡ, ಕಾಫಿಯ ಸಕ್ಕರೆ ಎರಡೂ ನಿಲ್ಲುತ್ತವೆ. ಶ್ರೀನಿವಾಸಪುರದ ನೆಂಟರಿಂದ ಮಾವಿನ ಬುಟ್ಟಿ ಬರುವ ದಿನಗಳಲ್ಲಿ ಪ್ರತಿ ವರ್ಷವೂ ಹೀಗಾಗುತ್ತದೆ, ಹಣ್ಣನ್ನು ನಾನು ಬಿಡುವುದಿಲ್ಲ. ಕಳೆದ ಜೂನ್‌ನಲ್ಲಿ ಕ್ಯಾಲೆಂಡರ್‌ನಲ್ಲಿ 72.4 ಎಂದಿತ್ತು, ಆಗಸ್ಟ್ ಕೊನೆಯ ಭಾನುವಾರ 70.6.