ಗರಡಿಯಿಂದ ಯುರೋಪಿನ ರಿಂಗಿಗೆ: ಹೊರಡುವ ಮುನ್ನ ತಿಳಿದಿರಬೇಕಾದ್ದು

ಗರಡಿಯಲ್ಲಿ 11 ವರ್ಷ ನನ್ನ ಮೈಗೆ ಹತ್ತಿಸಿದ್ದು ಒಂದೇ ಪಾಠ: ಬೆನ್ನು ಮಣ್ಣಿಗೆ ತಾಗಬಾರದು. ತಾಗಿತೋ, ಚಿತ್. ಜರ್ಮನಿಗೆ ಹೋಗಿ ಪ್ರೊ ರೆಸ್ಲಿಂಗ್ (ಟಿವಿಯಲ್ಲಿ ನೋಡುತ್ತೀರಲ್ಲ, ಆ ಪ್ರದರ್ಶನದ ಕುಸ್ತಿ) ಶಾಲೆ ಸೇರಿದ ಮೊದಲ ಸಂಜೆ ಕೋಚ್ ಹೇಳಿದ್ದು, "ಇವತ್ತು ಐವತ್ತು ಸಲ ಬೆನ್ನ ಮೇಲೆ ಬೀಳಬೇಕು" ಅಂತ. ಹನ್ನೆರಡನೇ ಸಲ ಗಾಳಿಯಲ್ಲಿರುವಾಗಲೇ ನನ್ನ ಮೈ ತಾನಾಗಿ ಮಗ್ಗುಲಿಗೆ ಹೊರಳಿತು. ಮೊಣಕೈ ಹಲಗೆಗೆ ಬಡಿದು ಎರಡು ವಾರ ಬದನೆಕಾಯಿ ಹಾಗೆ ಊದಿಕೊಂಡಿತ್ತು.

ನಾನು ಬೆಂಗಳೂರಿನ ತಿಗಳರಪೇಟೆಯವನು. ಕರಗದ ವೀರಕುಮಾರರು ಸಾಮು ಮಾಡುವ ಗರಡಿಯಲ್ಲೇ ಬೆಳೆದೆ. ಜರ್ಮನಿಯ ರೂರ್ ಪ್ರದೇಶದಲ್ಲಿ 6 ವರ್ಷ ಇದ್ದು, ಅಲ್ಲಿಂದ ಬೆಲ್ಜಿಯಂ, ನೆದರ್ಲೆಂಡ್ಸ್, ಇಂಗ್ಲೆಂಡ್ ಅಂತ ಓಡಾಡಿ, 140ಕ್ಕೂ ಹೆಚ್ಚು ಪಂದ್ಯ ಆಡಿ ಊರಿಗೆ ಬಂದಿದ್ದೇನೆ. ಈಗ ಯಲಹಂಕದಿಂದ, ಕೆಂಗೇರಿಯಿಂದ, ಒಮ್ಮೆ ದಾವಣಗೆರೆಯಿಂದ ಜೂಡೋ ಆಡುವ ಹುಡುಗಿಯೊಬ್ಬಳೂ ಫೋನ್ ಮಾಡಿ, "ಅಣ್ಣಾ, ಅಲ್ಲಿಗೆ ಹೋಗೋದು ಹೇಗೆ?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಮನೆಯವರಿಗೂ ನಿಮಗೂ ಸ್ಪಷ್ಟವಾಗಿರಲಿ. ಈ ರೆಸ್ಲಿಂಗಿನಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಮೊದಲೇ ನಿಶ್ಚಯವಾಗಿರುತ್ತದೆ. ಪೆಟ್ಟು ಮಾತ್ರ ನಿಜ. ಎದುರಾಳಿ ತನ್ನ ಕತ್ತನ್ನು ನಿಮ್ಮ ಕೈಗೆ ಒಪ್ಪಿಸುತ್ತಾನೆ, ನೀವು ನಿಮ್ಮದನ್ನು ಅವನಿಗೆ. ಇದಕ್ಕೆ ಒಪ್ಪುವ ಮನಸ್ಸಿಲ್ಲದವರು ನಾಡ ಕುಸ್ತಿಯಲ್ಲೇ ಇರಲಿ, ಅದೂ ದೊಡ್ಡ ವಿದ್ಯೆಯೇ.

ಅಲ್ಲಿನ ಇಂಡಿ ಸರ್ಕ್ಯೂಟ್, ಅಂದರೆ ಸಣ್ಣ ಸ್ವತಂತ್ರ ಕಂಪನಿಗಳು ನಡೆಸುವ ರೆಸ್ಲಿಂಗ್, ಒಂದೇ ಕಂಪನಿಯದಲ್ಲ. ಊರೂರಿಗೆ ಪಂದ್ಯ ಏರ್ಪಡಿಸುವ ಒಬ್ಬ ಪ್ರಮೋಟರ್, ಅವನದೇ ರಿಂಗು, ಅವನದೇ ಪ್ರೇಕ್ಷಕರು. ಜರ್ಮನಿಯಲ್ಲಿ 2000ದಲ್ಲಿ ಶುರುವಾದ ಡಬ್ಲ್ಯೂಎಕ್ಸ್‌ಡಬ್ಲ್ಯೂ ಅನ್ನುವ ಕಂಪನಿ ಇದೆ. ಓಬರ್‌ಹೌಸೆನ್‌ನಲ್ಲಿ ಅವರು ನಡೆಸುವ 16 ಕ್ಯಾರಟ್ ಗೋಲ್ಡ್ ಟೂರ್ನಿಗೆ ದೇಶ ದೇಶಗಳಿಂದ ಜನ ಬರುತ್ತಾರೆ. ಲಂಡನ್ನಿನಲ್ಲಿ ರೆವ್‌ಪ್ರೋ, ಪ್ರೋಗ್ರೆಸ್, ಗ್ಲಾಸ್ಗೋದಲ್ಲಿ ಐಸಿಡಬ್ಲ್ಯೂ, ಡಬ್ಲಿನ್‌ನಲ್ಲಿ ಓಟಿಟಿ. ಇವು ದೊಡ್ಡ ಹೆಸರುಗಳು, ಮೊದಲ ವರ್ಷ ಇವುಗಳ ಕನಸು ಬೇಡ. ನಿಮ್ಮ ಪಂದ್ಯ ನಡೆಯುವುದು ಯಾವುದೋ ಶಾಲೆಯ ಒಳಾಂಗಣದಲ್ಲಿ, 120 ಮಡಚುವ ಕುರ್ಚಿಗಳ ಮುಂದೆ. ಇವತ್ತು ಗುಂಥರ್ ಅಂತ ಜಗತ್ತು ಕರೆಯುವ ವಿಯೆನ್ನಾದ ವಾಲ್ಟರ್, ಸ್ವಿಟ್ಜರ್ಲೆಂಡಿನ ಲುಸರ್ನ್‌ನ ಕ್ಲಾಡಿಯೊ ಕಾಸ್ಟಗ್ನೋಲಿ, ಇಬ್ಬರೂ ಅಮೆರಿಕದ ದೊಡ್ಡ ಕಂಪನಿ ಡಬ್ಲ್ಯೂಡಬ್ಲ್ಯೂಇ ಸೇರುವ ಮೊದಲು ವರ್ಷಗಟ್ಟಲೆ ಇಂಥ ಇಂಡಿ ರಿಂಗುಗಳಲ್ಲೇ ಪಳಗಿದವರು.

ಬೆಂಗಳೂರು ಬಿಡುವ ಮೊದಲು ಏನು ಮಾಡಬೇಕು? ಗರಡಿ ಬಿಡಬೇಡಿ. ನಮ್ಮ ದಂಡ, ಬಸ್ಕಿ ಹಳೆಯದಾಯಿತು ಅಂದುಕೊಳ್ಳುವವರಿಗೆ ಒಂದು ಮಾತು: ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ವಿಗನ್‌ನಲ್ಲಿ ಬಿಲ್ಲಿ ರೈಲಿಯವರ ಗರಡಿ ಸ್ನೇಕ್ ಪಿಟ್‌ನಲ್ಲಿ ಪಟ್ಟು ಕಲಿತ ಪೈಲ್ವಾನ್ ಕಾರ್ಲ್ ಗಾಚ್ ಜಪಾನಿನ ಹುಡುಗರಿಂದ ಮಾಡಿಸಿದ್ದು ಇದೇ ದಂಡ, ಬಸ್ಕಿಗಳನ್ನು. ನನ್ನ ಶಾಲೆಯಲ್ಲಿ 500 ಬಸ್ಕಿಯ ಪರೀಕ್ಷೆ ಇತ್ತು. ಜಿಮ್‌ನಲ್ಲಿ ತೋಳು ಬೆಳೆಸಿಕೊಂಡು ಬಂದ ಇಬ್ಬರು 200ಕ್ಕೇ ಕೂತುಬಿಟ್ಟರು. ನಾನು ಉಸ್ತಾದರನ್ನು ನೆನೆದುಕೊಂಡು ಮುಗಿಸಿದೆ. ಕತ್ತಿಗೆ ವಿಶೇಷ ಗಮನ ಕೊಡಿ, ದಿನಾ ಹತ್ತು ನಿಮಿಷ. ಜೊತೆಗೆ ಒಂದು ವರ್ಷ ಜೂಡೋ ಕಲಿಯಿರಿ. ಬೀಳುವುದನ್ನು ಶಾಸ್ತ್ರೀಯವಾಗಿ ಕಲಿಸುವವರು ಅವರೇ.

ಈ ಬೀಳುವುದಕ್ಕೆ ಅಲ್ಲಿ ಬಂಪ್ ಅನ್ನುತ್ತಾರೆ. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ನಿಮ್ಮ ಸೊಂಟವನ್ನೇ ನೋಡುತ್ತಿರಬೇಕು. ಮೊದಲು ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಬೀಳಿ. ನೆಲಕ್ಕೆ ತಾಗಬೇಕಾದ್ದು ಬೆನ್ನಿನ ಮೇಲರ್ಧ, ಅಷ್ಟೂ ಒಂದೇ ಸಲಕ್ಕೆ. ಬಾಲಮೂಳೆ ಅಲ್ಲ, ತಲೆಯಂತೂ ಅಲ್ಲವೇ ಅಲ್ಲ. ಅದೇ ಕ್ಷಣಕ್ಕೆ ಎರಡೂ ಅಂಗೈ ಪಕ್ಕದ ನೆಲಕ್ಕೆ ಚಪ್ಪಟೆಯಾಗಿ ಬಡಿಯಬೇಕು, ಉಸಿರು ಹೊರಗೆ ಹೋಗಬೇಕು. ಉಸಿರು ಹಿಡಿದುಕೊಂಡು ಬಿದ್ದರೆ ಎದೆ ಬಿರಿದ ಹಾಗಾಗುತ್ತದೆ. ಇದನ್ನು ಗರಡಿಯ ಕೆಮ್ಮಣ್ಣಿನ ಮೇಲೆ ಅಭ್ಯಾಸ ಮಾಡಬೇಡಿ. ಎಣ್ಣೆ, ಮಜ್ಜಿಗೆ ಕುಡಿದ ನಮ್ಮ ಮಣ್ಣು ತಾಯಿಯ ಹಾಗೆ, ತಪ್ಪನ್ನೆಲ್ಲ ಮುಚ್ಚಿಕೊಳ್ಳುತ್ತದೆ. ರಿಂಗು ಅಂದರೆ ಕಬ್ಬಿಣದ ತೊಲೆ, ಮೇಲೆ ಹಲಗೆ, ತೆಳ್ಳಗಿನ ಫೋಮು, ಕ್ಯಾನ್ವಾಸು. ಅದು ಏನನ್ನೂ ಮುಚ್ಚಿಕೊಳ್ಳುವುದಿಲ್ಲ. ನಿಂತು ಬೀಳುವುದನ್ನು ಕೋಚ್ ಪಕ್ಕದಲ್ಲಿಲ್ಲದೆ ಯಾವತ್ತೂ ಮಾಡಬೇಡಿ.

ಇನ್ನೊಂದು ಸಣ್ಣ ಸಂಗತಿ, ಆದರೆ ಗೊತ್ತಿಲ್ಲದಿದ್ದರೆ ಮೊದಲ ದಿನವೇ ಮುಖಕ್ಕೆ ಮುಖ ಡಿಕ್ಕಿ: ಯುರೋಪಿನಲ್ಲಿ ಎದುರಾಳಿಯ ಎಡಗೈ, ಎಡಗಾಲಿನ ಮೇಲೇ ಪಟ್ಟು ಹಾಕುವುದು ರೂಢಿ. ಮೆಕ್ಸಿಕೋದಲ್ಲಿ ಬಲಗಡೆ.

ಇನ್ನು ಕಾಗದಪತ್ರ. ಒಳ್ಳೆಯ ಕೈ ಇದ್ದ ನನ್ನ ಸ್ನೇಹಿತನೊಬ್ಬನ ದಾರಿ ಮುಚ್ಚಿದ್ದು ಇದರಿಂದಲೇ. ಪ್ರವಾಸಿ ವೀಸಾದಲ್ಲಿ ಬಂದ; ವಿಮಾನ ನಿಲ್ದಾಣದ ಅಧಿಕಾರಿ ಅವನ ಹೆಸರು, ಫೋಟೋ ಇರುವ ಪಂದ್ಯದ ಪೋಸ್ಟರನ್ನೇ ಮೊಬೈಲಿನಲ್ಲಿ ತೋರಿಸಿ, ಇದೇನು ಅಂತ ಕೇಳಿದ. ಮಾರನೇ ದಿನದ ವಿಮಾನಕ್ಕೆ ವಾಪಸ್ ಕಳಿಸಿದರು. ಪ್ರವಾಸಕ್ಕೆ ಕೊಡುವ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅಂದರೆ 180 ದಿನಗಳಲ್ಲಿ 90 ದಿನ ಇರುವುದಕ್ಕೆ ಅವಕಾಶ, ದುಡ್ಡು ತೆಗೆದುಕೊಂಡು ಆಡುವುದಕ್ಕಲ್ಲ. ಕೆಲಸದ ಅನುಮತಿಯ ನಿಯಮ ಒಂದೊಂದು ದೇಶಕ್ಕೆ ಒಂದೊಂದು. ಬ್ರಿಟನ್, ಐರ್ಲೆಂಡ್ ಎರಡೂ ಷೆಂಗೆನ್‌ನಲ್ಲಿ ಇಲ್ಲ, ಅವುಗಳಿಗೆ ಬೇರೆ ಬೇರೆ ವೀಸಾ. ಬ್ರಿಟನ್ನಿನಲ್ಲಿ ಸೀಸನ್ ಪೂರ್ತಿ ಆಡಬೇಕಾದರೆ ಪರವಾನಗಿ ಇರುವ ಸಂಸ್ಥೆಯೊಂದು ನಿಮ್ಮನ್ನು ಪ್ರಾಯೋಜಿಸಬೇಕು. ಆಗ ಕ್ರಿಯೇಟಿವ್ ವರ್ಕರ್ ವೀಸಾಕ್ಕೆ ಅರ್ಜಿ ಹಾಕಬಹುದು.

ನಾನು ಹಿಡಿದದ್ದು ಓದಿನ ದಾರಿ. ಬಿಇ ಮುಗಿಸಿದ್ದೆ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ ಸೀಟು ಸಿಕ್ಕಿತು. ರೂರ್ ಇರುವ ರಾಜ್ಯದಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಅದರಲ್ಲೇ ರೈಲು ಬಸ್ಸಿನ ಪಾಸೂ ಸಿಕ್ಕಿತು. ಆದರೆ ಖರ್ಚಿಗೆ ಇದೆ ಅಂತ ತೋರಿಸಲು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ದುಡ್ಡು ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ ವರ್ಷಕ್ಕೆ 11,904 ಯೂರೋ. ಅಪ್ಪ ಅವೆನ್ಯೂ ರಸ್ತೆಯ ಅಂಗಡಿಯ ಮೇಲೆ ಸಾಲ ಎತ್ತಿದರು. ಅದನ್ನು ತೀರಿಸುವುದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು, ಅದೂ ವಾರದ ದಿನಗಳಲ್ಲಿ ಗೋದಾಮಿನ ಕೆಲಸ ಮಾಡಿ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಸಂಬಳದ ಕೆಲಸ ಮಾಡಬಹುದು. ಆದರೆ ರೆಸ್ಲಿಂಗ್ ಸಂಭಾವನೆ ಸಂಬಳ ಅಲ್ಲ, ಅದು ಸ್ವಂತ ದುಡಿಮೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಅಲ್ಲಿನ ವಿದೇಶಿಯರ ಕಚೇರಿಯಿಂದ ಬೇರೆಯೇ ಅನುಮತಿ ಪಡೆಯಬೇಕು. ನನಗೆ ಅದು ಸಿಗುವ ತನಕ ನಾನು ಪಂದ್ಯ ಒಪ್ಪಿಕೊಳ್ಳಲಿಲ್ಲ. ನೀವೂ ಒಪ್ಪಿಕೊಳ್ಳಬೇಡಿ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಮೊದಲ ಸಂಭಾವನೆ 30 ಯೂರೋ, ದಾರಿ ಖರ್ಚಿಗೆ ಹೋದದ್ದು 22. ಕೈ ಹಿಡಿದದ್ದು ಟೀ ಶರ್ಟು: ಎದೆ ಮೇಲೆ ಕನ್ನಡದಲ್ಲಿ "ಪೈಲ್ವಾನ್" ಅಂತ, ಅಷ್ಟೇ. ಆ ದುಂಡಕ್ಷರ ನೋಡಿ ಇದೇನು ಅಂತ ಕೇಳುತ್ತಾ ಬಂದವರು 20 ಯೂರೋ ಕೊಟ್ಟು ತೆಗೆದುಕೊಂಡು ಹೋಗುತ್ತಿದ್ದರು.

ಪಾತ್ರದ ವಿಷಯದಲ್ಲಿ ಗಟ್ಟಿಯಾಗಿರಿ. ಒಬ್ಬ ಪ್ರಮೋಟರ್ ನನಗೆ ರುಮಾಲು, ಪ್ಲಾಸ್ಟಿಕ್ ಹಾವು, ಪುಂಗಿ ಕೊಟ್ಟು ಹಾವಾಡಿಗನಾಗು ಅಂದ. ಆಗುವುದಿಲ್ಲ ಅಂದೆ, ಆ ಪಂದ್ಯ ಕೈತಪ್ಪಿತು. ಬರೀ ಬೇಡ ಅಂದರೆ ಸಾಲದು, ಬದಲಿಗೆ ಇದನ್ನು ಮಾಡುತ್ತೇನೆ ಅನ್ನಬೇಕು. ನಾನು ಚಿಕ್ಕಪೇಟೆಯಲ್ಲಿ ಎಳೆದರೆ ಹಿಗ್ಗುವ ಕೆಂಪು ಬಟ್ಟೆ ತಂದು, ಡ್ಯಾನ್ಸ್ ಡ್ರೆಸ್ ಹೊಲಿಯುವ ಟೈಲರ್ ಹತ್ತಿರ ಚಡ್ಡಿ ಹೊಲಿಸಿಕೊಂಡೆ. ರಿಂಗಿಗೆ ಇಳಿದು ಕ್ಯಾನ್ವಾಸಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ತೊಡೆ ತಟ್ಟುತ್ತಿದ್ದೆ. ಒಮ್ಮೆ ತಟ್ಟಿ ಸುಮ್ಮನೆ ನಿಲ್ಲಬೇಕು, ಅವಸರ ಮಾಡಬಾರದು. ಘೆಂಟ್‌ನಲ್ಲಿ ಒಂದು ರಾತ್ರಿ ಮುಂದಿನ ಸಾಲಿನ ಅಜ್ಜಿಯೊಬ್ಬರು ತಮ್ಮ ತೊಡೆಯನ್ನೂ ತಟ್ಟಿದರು. ಹಿಂದೆಯೇ ಇಡೀ ಹಾಲ್ ತಟ್ಟಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. (ಗರಡಿಯ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಹೋಗಬೇಡಿ. ನಮ್ಮಲ್ಲಿಂದ ಐರೋಪ್ಯ ಒಕ್ಕೂಟದೊಳಗೆ ಮಣ್ಣು ಒಯ್ಯುವಂತಿಲ್ಲ.)

ಪೆಟ್ಟಿನ ವಿಷಯ ಬರೆಯಲೇಬೇಕು. ಮೂರನೇ ವರ್ಷ, ಒಂದು ಪುಟ್ಟ ಊರು. ಎದುರಾಳಿ ಸರಿಯಾಗೇ ಎತ್ತಿದ. ನನ್ನ ಗದ್ದ ಸಡಿಲಾಯಿತು, ಹಿಂದಲೆ ಹಲಗೆಗೆ ಬಡಿಯಿತು. ನೋವೇ ಇಲ್ಲ. ದೀಪಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದವು. ನಾನು ರೆಫರಿಯನ್ನು "ಇದು ಎಷ್ಟನೇ ಪಂದ್ಯ?" ಅಂತ ಎರಡು ಸಲ ಕೇಳಿದೆನಂತೆ. ಪಂದ್ಯ ಮುಗಿಸಿದೆ. ಒಳಗೆ ವೈದ್ಯರಿರಲಿಲ್ಲ; ಸಂಘಟಕ ಐಸು, ದುಡ್ಡಿನ ಲಕೋಟೆ ಕೈಗಿಟ್ಟು ಹೋದ. ಬಸ್ಸಿನಲ್ಲಿ ಇಳಿಯುವ ಊರೇ ಮರೆತುಹೋಯಿತು. ಆದರೂ ಮುಂದಿನ ವಾರದ ಪಂದ್ಯ ಒಪ್ಪಿಕೊಂಡೆ. ಆಮೇಲೆ ಐದು ವಾರ ಕಿಟಕಿ ಪರದೆ ಸರಿಸಲಾಗದೆ ಮಲಗಿದ್ದೆ. ಅಮ್ಮನ ವಿಡಿಯೋ ಕಾಲ್ ಎತ್ತಲೂ ಆಗಲಿಲ್ಲ. ತಲೆಗೆ ಪೆಟ್ಟು ಬಿದ್ದರೆ ಆ ಕ್ಷಣವೇ ರೆಫರಿಯ ಕೈ ಹಿಡಿದು ಹೇಳಿ. ಅವರು ಎರಡು ಕೈ ಎತ್ತಿ ಅಡ್ಡಡ್ಡ ಹಿಡಿದರೆ, ಇದು ನಾಟಕ ಅಲ್ಲ, ಪಂದ್ಯ ನಿಲ್ಲಿಸಿ ಅಂತ ಅರ್ಥ. ಮೊದಲ ಪೆಟ್ಟು ವಾಸಿಯಾಗುವ ಮುನ್ನ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯ. ಡಾಕ್ಟರು ಹೂಂ ಅನ್ನುವ ತನಕ ರಿಂಗಿನ ಹತ್ತಿರವೂ ಹೋಗಬೇಡಿ. ವಿಮೆ ಮಾಡಿಸುವಾಗ ರೆಸ್ಲಿಂಗ್ ಗಾಯಕ್ಕೆ ಅದು ಅನ್ವಯಿಸುತ್ತದೆಯೇ ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಡ್ರೆಸ್ಸಿಂಗ್ ರೂಮಿಗೆ ಹೋದ ಕೂಡಲೇ ಅಲ್ಲಿರುವ ಪ್ರತಿಯೊಬ್ಬರಿಗೂ ಕೈ ಕುಲುಕಿ, ಟಿಕೆಟ್ ಹರಿಯುವವರನ್ನೂ ಸೇರಿಸಿ. ರಿಂಗು ಕಟ್ಟುವುದಕ್ಕೆ, ಬಿಚ್ಚುವುದಕ್ಕೆ ಕೈ ಹಾಕಿ. ಗರಡಿಯಲ್ಲಿ ಮಟ್ಟಿಯ ಮಣ್ಣು ಹದ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ, ಪ್ರಮೋಟರಿಗೆ ಬರೆಯುವ ಮೇಲ್. ಆರೇ ಸಾಲು ಸಾಕು. ಯಾರ ಹತ್ತಿರ, ಎಷ್ಟು ಕಾಲ ಕಲಿತಿರಿ. ಎತ್ತರ, ತೂಕ, ತೂಕ ಕಿಲೋದಲ್ಲಿ. ಕೆಲಸದ ಅನುಮತಿ ಇದೆಯೇ, ಎಲ್ಲಿಯ ತನಕ. ರಿಂಗ್ ಪಕ್ಕ ಪ್ರಥಮ ಚಿಕಿತ್ಸೆಯವರು ಇರುತ್ತಾರೆಯೇ ಅನ್ನುವ ಪ್ರಶ್ನೆ. ಮೂರು ನಿಮಿಷದ ವಿಡಿಯೋ, ಅದರಲ್ಲಿ ನೀವು ಎತ್ತಿ ಒಗೆಯುವುದಕ್ಕಿಂತ ನೀವು ಬೀಳುವುದು ಹೆಚ್ಚಿರಲಿ. ಆರನೇ ಸಾಲಿನಲ್ಲಿ ನಿಮಗೆ ಹತ್ತಿರದ ರೈಲು ನಿಲ್ದಾಣದ ಹೆಸರು ಹಾಕಿ. ಶುಕ್ರವಾರ ರಾತ್ರಿ ಯಾರಿಗಾದರೂ ಜ್ವರ ಬಂದರೆ ಪ್ರಮೋಟರ್ ಮೊದಲು ಹುಡುಕುವುದು ಅದನ್ನೇ. ನನ್ನ ಮೊದಲ ಪಂದ್ಯ ಸಿಕ್ಕಿದ್ದೂ ಹಾಗೆಯೇ, ಶನಿವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು, ಒಂಬತ್ತರ ರೈಲು ಹತ್ತಿದೆ.